ಹಸುಬೆಯೊಳಗಿನ ಮತಪೆಟ್ಟಿಗೆಗಳು

ಡ್ರೈವರ್ ಎಂಜಿನ್ ನಿಲ್ಲಿಸಿ, ಕೆಳಗಿಳಿದು ಬೀಡಿ ಹಚ್ಚಿದಾಗಲೇ ಬಸ್ಸು ಇನ್ನು ಮುಂದೆ ಹೋಗುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಹಿಂದಿನ ದಿನದ ಮಳೆಗೆ ಹಳ್ಳದ ಮೋರಿ ಕೊಚ್ಚಿಹೋಗಿತ್ತು. ಸಿಮೆಂಟಿನ ಕೊಳವೆಗಳು ಕೆಳಗಿನ ರಾಗಿ ಹೊಲದಲ್ಲಿ ಮಕ್ಕಳು ಆಡಿ ಬಿಸಾಕಿದ ಆಟಿಕೆಗಳಂತೆ ಬಿದ್ದಿದ್ದವು. ನಮ್ಮ ಮತಗಟ್ಟೆ ಇದ್ದದ್ದು ಹಳ್ಳದಾಚೆ, ಗುಡ್ಡ ಹತ್ತಿಳಿದ ಮೇಲೆ ಸಿಗುವ ಒಂದು ಹುಂಡಿಯಲ್ಲಿ. ನಮ್ಮ ಕಡೆ ಸಣ್ಣ ಊರಿಗೆ ಹುಂಡಿ ಎನ್ನುತ್ತಾರೆ. ಅದರಾಚೆ ಬಂಡೀಪುರದ ಕಾಡು.

ತೊಂಬತ್ತರ ದಶಕದ ಕೊನೆಯ ಒಂದು ಚುನಾವಣೆ ಅದು. ನಾನು ಚಾಮರಾಜನಗರದ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯೆಂದು ಆದೇಶ ಬಂದಿತ್ತು. ನನ್ನ ಕೈಕೆಳಗೆ ಕಂದಾಯ ಕಚೇರಿಯ ಒಬ್ಬ ಗುಮಾಸ್ತರು, ಎದೆ ಕಟ್ಟುವ ಕಾಯಿಲೆಯಿದ್ದ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು. ಕಾವಲಿಗೆ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್. ಎರಡು ಚುನಾವಣೆ ಒಟ್ಟಿಗೇ ಇದ್ದುದರಿಂದ ಕಬ್ಬಿಣದ ಮತಪೆಟ್ಟಿಗೆಯೂ ಎರಡು. ಬೆಳಗ್ಗೆ ಗುಂಡ್ಲುಪೇಟೆಯಲ್ಲಿ ಅವನ್ನೂ ಮತಪತ್ರ, ಶಾಯಿ, ಅರಗು, ಮರೆಕಟ್ಟುವ ಹಲಗೆಗಳನ್ನೂ ಎಣಿಸಿ ತೆಗೆದುಕೊಂಡು ಹೊರಟಿದ್ದೆವು. ತೆರಕಣಾಂಬಿ ದಾಟಿದ ಮೇಲೆ ಬಸ್ಸು ಒಂದೊಂದೇ ತಂಡವನ್ನು ಇಳಿಸುತ್ತ ಬಂದು, ಕೊನೆಗೆ ನಾವು ಮಾತ್ರ ಉಳಿದಿದ್ದೆವು.

"ಗುಂಡ್ಲುಪೇಟಲಿ ಯೋಳ್ತೀನಿ ಸಾರ್, ಮೋರಿ ಓಗದ ಅಂತ," ಎಂದು ಡ್ರೈವರ್ ನಮ್ಮ ಸಾಮಾನುಗಳನ್ನು ಹಳ್ಳದ ಈಚೆಗಿದ್ದ ಊರಿನ ಶಾಲೆಯ ಜಗಲಿಗೆ ಇಳಿಸಿ ಬಸ್ಸು ತಿರುಗಿಸಿದ. ಊರಿನಲ್ಲಿದ್ದ ಒಂದೇ ಟೆಲಿಫೋನು ಮಳೆಗೆ ಸತ್ತಿತ್ತು.

ಬಸ್ಸಿನ ಸದ್ದು ಅಡಗುವ ಮೊದಲೇ ಜೀಪು ಬಂತು. ಇಳಿದವರು ಆ ಭಾಗದ ಕರಿಕಲ್ಲು ಕ್ವಾರಿಯ ಗುತ್ತಿಗೆದಾರರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ನಗುಮುಖ. ನಮಗೆಲ್ಲ ಟೀ ತರಿಸಿದರು. ಒಬ್ಬ ಅಭ್ಯರ್ಥಿಯ ಪರವಾಗಿ ಇಡೀ ಹೋಬಳಿ ಓಡಾಡುತ್ತಿದ್ದವರು ಇವರೇ ಎಂದು ಕಾನ್‌ಸ್ಟೇಬಲ್ ನನ್ನ ಕಿವಿಯಲ್ಲಿ ಹೇಳಿದರು. ಹೇಳಬೇಕಾಗಿಯೇ ಇರಲಿಲ್ಲ. ಜೀಪಿನ ಮುಂಗಾಜಿನ ಮೇಲೆ ಪ್ರಚಾರದ ಚೀಟಿ ಕೆರೆದು ತೆಗೆದ ಗೋಂದಿನ ಕಲೆ ಇನ್ನೂ ಹಸಿಯಾಗಿತ್ತು.

"ನೀವ್ಯಾಕ್ ತಲೆ ಕೆಡ್ಸಕತೀರಿ ಸಾರ್?" ಎಂದರು. "ನಮ್ ಕ್ವಾರಿ ಒಳಗಾಸಿ ಸುತ್ಕೊಂಡೋದ್ರ ಹುಂಡಿಗ ದಾರಿ ಅದ. ಪೆಟ್ಗೆ ಜೀಪ್ಗಾಕಿ, ನೀವೂ ಕೂತ್ಕಳಿ. ಕಳೆದ್ ಸಾರೀನೂ ನಂದೇ ಜೀಪು."

"ಅಭ್ಯರ್ಥಿಯ ಕಡೆಯವರ ಗಾಡಿಯಲ್ಲಿ ಪೆಟ್ಟಿಗೆ ಸಾಗಿಸುವ ಹಾಗಿಲ್ಲ," ಎಂದೆ.

"ಅಭ್ಯರ್ಥಿ ಗಾಡಿ ಅಲ್ವಲ್ಲ ಸಾರ್, ನನ್ ಗಾಡಿ!" ಎಂದು ನಕ್ಕರು. ಅವರ ಹಿಂದಿದ್ದವರೂ ನಕ್ಕರು. ನಾನು ಟೀ ಲೋಟ ಕೆಳಗಿಟ್ಟು, "ಬೇಡಿ, ನಾವೇ ನೋಡ್ಕೋತೀವಿ," ಎಂದೆ.

ಗುಮಾಸ್ತರು ನನ್ನನ್ನು ಜಗಲಿಯ ಮೂಲೆಗೆ ಕರೆದೊಯ್ದರು. ಗುಂಡ್ಲುಪೇಟೆ ಪಕ್ಕದ ಜಮೀನ್ದಾರರ ಮನೆಯವರು, ವಿಭೂತಿ ಇಟ್ಟುಕೊಳ್ಳದೆ ಮನೆಯಿಂದ ಹೊರಡದವರು, ಕಾಗದಪತ್ರದಲ್ಲಿ ಬಹಳ ಅಚ್ಚುಕಟ್ಟು. "ಸಾರ್, ಒಪ್ಕೊಂಡ್ಬುಡನ. ಸಾಯಂಕಾಲದ ಒಳಗೆ ತಲುಪ್ದೆ ಹೋದ್ರೆ ನಾಳೆ ಬೆಳಗ್ಗೆ ಮತದಾನ ಸುರುವಾಗಲ್ಲ. ಆಮೇಲೆ ನಿಮ್ಮ ತಲೆಗೇ ಬತ್ತದ," ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಮೊದಲು ಸೈಕಲ್ ನೋಡಿದೆವು. ಕಾನ್‌ಸ್ಟೇಬಲ್ ಎಲ್ಲಿಂದಲೋ ಹಾಲು ಹಾಕುವವರ ಎರಡು ಸೈಕಲ್ ತಂದರು. ಕ್ಯಾರಿಯರ್ ಮೇಲೆ ಒಂದೊಂದು ಪೆಟ್ಟಿಗೆ ಇಟ್ಟು, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದೆವು. ಊರು ದಾಟಿ ಹಳ್ಳಕ್ಕಿಳಿಯುವ ಕಾಲುದಾರಿಯಲ್ಲಿ ಕರಿಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಂತಿತು. ನಾನು ಹಿಂದಿನಿಂದ ನೂಕಿದೆ. ಸೈಕಲ್ ವಾಲಿತು, ಭಾರ ಒಂದೇ ಕಡೆಗೆ ಎಳೆಯಿತು, ಪೆಟ್ಟಿಗೆ ಇಳಿಜಾರಿನಲ್ಲಿ ಉರುಳಿ ಕಳ್ಳಿಬೇಲಿಗೆ ಬಡಿದು ನಿಂತಿತು. ಮೂಲೆ ನೆಗ್ಗಿತ್ತು. ಖಾಲಿ ಪೆಟ್ಟಿಗೆಯಾದ್ದರಿಂದ ಸರಿಹೋಯಿತು. ಓಟು ತುಂಬಿದ ಮೇಲೆ ಹೀಗೆ ಉರುಳಿದ್ದರೆ? ಮೇಲೆ ದಿಬ್ಬದಲ್ಲಿ ನಿಂತಿದ್ದ ಗುತ್ತಿಗೆದಾರರ ಹುಡುಗರು ಶಿಳ್ಳೆ ಹೊಡೆದರು.

ಎತ್ತಿನ ಗಾಡಿ ಕೇಳಲು ಮನೆಮನೆಗೆ ಹೋದೆ. ಒಬ್ಬರ ಎತ್ತು ಕುಂಟುತ್ತಿತ್ತು, ಇನ್ನೊಬ್ಬರದು ಮೇವು ಬಿಟ್ಟಿತ್ತು, ಮತ್ತೊಬ್ಬರ ಗಾಡಿಯ ಚಕ್ರ ಹಿಡಿಯುವ ಕಡಾಣಿ ಕಳೆದುಹೋಗಿತ್ತು. ಆ ಊರಿನ ಎತ್ತುಗಳಿಗೆಲ್ಲ ಅಂದು ಒಟ್ಟಿಗೇ ಹುಷಾರು ತಪ್ಪಿತ್ತು. ಅರ್ಧ ಊರು ಕ್ವಾರಿಯ ಕೂಲಿಯಲ್ಲಿ ಬದುಕುತ್ತಿತ್ತು; ಅವರನ್ನು ಬೈದು ಪ್ರಯೋಜನವಿರಲಿಲ್ಲ. ತಲೆಯ ಮೇಲೆ ಹೊತ್ತು ಹೋಗೋಣವೆಂದರೆ ಸಾಮಾನು ಬಹಳ, ಹೊರುವವರು ಮೂವರು, ದಾರಿ ಏರು.

ಕತ್ತೆಗಳನ್ನು ನಾನು ಬಸ್ಸಿಳಿದಾಗಲೇ ನೋಡಿದ್ದೆ. ಶಾಲೆಯ ಹಿಂದುಗಡೆ ಗೋಡೆಗೆ ಒರಗಿಕೊಂಡು, ಜಿಟಿಜಿಟಿ ಮಳೆಗೆ ಬೆನ್ನು ಕೊಟ್ಟು ಎರಡು ನಿಂತಿದ್ದವು. ಬೇರೆಯವರ ಕಣ್ಣಿಗೆ ಅವು ಗೋಡೆಯ ಭಾಗದಂತೆ ಇದ್ದಿರಬೇಕು, ಯಾರೂ ಅವುಗಳ ಮಾತೆತ್ತಲಿಲ್ಲ. ನನ್ನ ಕಣ್ಣಿಗೆ ಮಾತ್ರ ಹೊಟ್ಟೆಯ ಕೆಳಗೆ ಹಗ್ಗ ಉಜ್ಜಿ ಕೂದಲು ಸವೆದ ಜಾಗ ಕಂಡಿತ್ತು, ಹಿರಿಯದರ ಬೆನ್ನು ಗಟ್ಟಿ ಇರುವುದು ಕಂಡಿತ್ತು. ಕಂಡದ್ದು ಬಾಯಿಗೆ ಬರಲಿಲ್ಲ. ನಾನು ಓದಿದ ಶಾಲೆಯಲ್ಲಿ ಮೇಷ್ಟ್ರು ಎಲ್ಲ ಹುಡುಗರನ್ನೂ 'ಕತ್ತೆ' ಎಂದೇ ಬೈಯುತ್ತಿದ್ದರು. ನನಗೆ ಬೈದಾಗ ಮಾತ್ರ ತರಗತಿ ನಗುತ್ತಿತ್ತು.

ಗುತ್ತಿಗೆದಾರರ ಜೀಪು ಎಂಜಿನ್ ಆರಿಸದೆ ಶಾಲೆಯ ಎದುರೇ ನಿಂತಿತ್ತು. ನಾನು ಮಾತಾಡದೆ ಇದ್ದಷ್ಟೂ ಹೊತ್ತು ಗೆಲ್ಲುತ್ತಿದ್ದವರು ಅವರು. ಅದು ಹೊಳೆದ ಮೇಲೆ ಒಳಗೆ ಏನೋ ಸಿಟ್ಟು ಹತ್ತಿತು. ಅವರ ಮೇಲಷ್ಟೇ ಅಲ್ಲ.

"ಕತ್ತೆ ಕೇಳೋಣ," ಎಂದೆ.

"ಕತ್ತೆ ಮೇಲಾ ಸಾರ್?" ಗುಮಾಸ್ತರ ದನಿ ಬಿದ್ದುಹೋಯಿತು. "ಮತಪೆಟ್ಟಿಗೇನಾ?"

ಕತ್ತೆಗಳ ಒಡತಿ ಕೆರೆಯ ಕೆಳಗಿನ ಮನೆಯ ಒಬ್ಬ ಅಜ್ಜಿ. ಜಗಲಿಯಲ್ಲಿ ಇದ್ದಿಲ ಇಸ್ತ್ರಿಪೆಟ್ಟಿಗೆ ಹಿಡಿದು ಯಾರದೋ ಪಂಚೆ ತೀಡುತ್ತಿದ್ದಳು. ಒಂದು ಮಂಡಿ ಊದಿಕೊಂಡಿತ್ತು.

"ಅಜ್ಜಿ, ನಿಮ್ಮ ಕತ್ತೆಗಳು ಬಾಡಿಗೆಗೆ ಬೇಕಾಗಿತ್ತು. ಮತಪೆಟ್ಟಿಗೆ ಹುಂಡಿಗೆ ಸಾಗಿಸಬೇಕು."

"ಯಾಕ ಬುದ್ಧಿ, ಜೀಪದಲ್ಲ?"

"ಇದೆ. ಅದರಲ್ಲಿ ಹೋಗೋದಿಲ್ಲ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ ನನ್ನನ್ನು ಸರಿಯಾಗಿ ನೋಡಿದಳು. "ಕಳೆದ್ ಸಾರಿ ಹುಂಡಿಯೋರು ಓಟಾಕಕ್ಕ ಬಂದ್ರ, ಪೆಟ್ಗೆ ಅವ್ರಿಗಿಂತ ಮುಂಚ್ಗೇ ಓಟಾಕ್ಬುಟ್ಟಿತ್ತಂತ ಬುದ್ಧಿ. ಬಂದ್ ದಾರೀಲೇ ತಿರಿಕ್ಕೊಂಡೋದ್ರು, ಪಾಪ." ಇದ್ದಿಲ ಮೇಲಿನ ಬೂದಿ ಊದಿ, "ಕತ್ತೆ ಕೊಡ್ತೀನಿ. ಆದ್ರ ಈ ಮಂಡೀಲಿ ನಾ ಬರಕ್ಕಾಗಲ್ಲ. ಕಂಡೋರ್ ಕೈಲಿ ಅವು ನಡ್ಯಲ್ಲ, ಅದೊಂದದ," ಎಂದಳು.

ಶಾಲೆಯ ಮುಂದೆ ಹೇರು ಹಾಕಲು ನಿಂತೆವು. ಅಷ್ಟರಲ್ಲಿ ಊರೇ ನೆರೆದಿತ್ತು. ಅಜ್ಜಿ ತಂದದ್ದು ಬಟ್ಟೆ ಸಾಗಿಸುವ ಹಸುಬೆ: ಗೋಣಿತಟ್ಟಿನಲ್ಲಿ ಹೊಲಿದ ಜೋಡಿಚೀಲ, ನಡುಭಾಗ ಬೆನ್ನಿನ ಮೇಲೆ ಕೂತರೆ ಎರಡು ಚೀಲ ಎರಡು ಪಕ್ಕೆಗೆ ಇಳಿಬೀಳುತ್ತವೆ. ಬಟ್ಟೆಯ ಗಂಟಾದರೆ ಪಕ್ಕೆಗೆ ಮೆತ್ತಗೆ ಕೂರುತ್ತದೆ. ಕಬ್ಬಿಣದ ಪೆಟ್ಟಿಗೆ ಹಾಗಲ್ಲ. ಕಾನ್‌ಸ್ಟೇಬಲ್ ಎರಡೂ ಕಡೆ ಒಂದೊಂದು ಇಳಿಸಿದ ಕೂಡಲೇ ಹಿರಿಯ ಕತ್ತೆಯ ಪಕ್ಕೆಗೆ ಮೂಲೆ ಚುಚ್ಚಿತು. ಅದು ಪಕ್ಕಕ್ಕೆ ನೆಗೆಯಿತು. ಹಸುಬೆ ಜಾರಿ, ಒಂದು ಪೆಟ್ಟಿಗೆ ಅದರ ಹೊಟ್ಟೆಯಡಿಗೆ ಬಂತು. ಜನ ಹೋ ಎಂದು ನಕ್ಕರು. ಅಜ್ಜಿ ಕುಂಟುತ್ತ ಎದ್ದು ಬರುವುದರಲ್ಲಿದ್ದಳು.

ನಾನು ವಾಚು ಬಿಚ್ಚಿ ಜೇಬಿಗೆ ಹಾಕಿ, ತೋಳು ಮಡಚಿ, ಮುಂದೆ ಹೋದೆ.

ಮೊದಲು ಎಲ್ಲವನ್ನೂ ಇಳಿಸಿದೆ. ರಾಗಿಹುಲ್ಲು ತರಿಸಿ, ಎರಡು ದಪ್ಪ ಸುರುಳಿ ಸುತ್ತಿ, ಬೆನ್ನೆಲುಬಿನ ಆಚೀಚೆ ಇಟ್ಟೆ. ಭಾರ ಬೆನ್ನೆಲುಬಿನ ಮೇಲೆ ಕೂರಬಾರದು, ಪಕ್ಕೆಯ ಮೇಲುಭಾಗದಲ್ಲಿ ಹಂಚಿಕೊಳ್ಳಬೇಕು. ಅದರ ಮೇಲೆ ಮಡಚಿದ ಗೋಣಿ, ಆಮೇಲೆ ಹಸುಬೆ. ಪೆಟ್ಟಿಗೆಗೆ ನಾಲ್ಕೂ ಕಡೆ ಹುಲ್ಲು ತುರುಕಿ, ಅಗಲವಾದ ಮೈ ಪಕ್ಕೆಗೆ ಬರುವಂತೆ ಒಂದನ್ನು ನಾನು, ಇನ್ನೊಂದನ್ನು ಕಾನ್‌ಸ್ಟೇಬಲ್ ಒಂದೇ ಸಲ ಇಳಿಬಿಟ್ಟೆವು. ಹೊಟ್ಟೆಹಗ್ಗವನ್ನು ಮುಂಗಾಲಿಗೆ ಹತ್ತಿರ ತಂದು ಬಿಗಿದೆ. ಕತ್ತೆ ಹಗ್ಗ ಕಂಡರೆ ಉಸಿರು ತುಂಬಿ ಹೊಟ್ಟೆ ಉಬ್ಬಿಸುತ್ತದೆ, ಆಗ ಬಿಗಿದ ಗಂಟು ಆಮೇಲೆ ಸಡಿಲವಾಗುತ್ತದೆ. ಅದಕ್ಕೇ ಕಾದೆ. ಅದು ಉಸಿರು ಬಿಟ್ಟ ಕ್ಷಣಕ್ಕೆ ಎಳೆದು, ಅಪ್ಪ ಹಾಕುತ್ತಿದ್ದ ಗಂಟು ಹಾಕಿದೆ: ಭಾರಕ್ಕೆ ಬಿಗಿಯುವ, ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವ ಗಂಟು. ಆ ಗಂಟು ಹಾಕಿ ಎಷ್ಟೋ ವರ್ಷವಾಗಿತ್ತು. ಬೆರಳುಗಳು ಯಾರನ್ನೂ ಕೇಳಲಿಲ್ಲ.

ಅಜ್ಜಿ ಗಂಟನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಯಾರ್ ಮಗನಪ್ಪ ನೀನು?"

ಅಷ್ಟು ಹೊತ್ತಿನ 'ಬುದ್ಧಿ' ಎಲ್ಲಿ ಹೋಯಿತೋ ತಿಳಿಯದು. ನಾನು ಉತ್ತರ ಕೊಡುವ ಮೊದಲೇ ಜೀಪಿನ ಬಾನೆಟ್ಟಿಗೆ ಒರಗಿದ್ದ ಗುತ್ತಿಗೆದಾರರು ಜೋರಾಗಿ, "ಓಹೋ! ಮೇಷ್ಟ್ರುಗ ಅಗಸ್ರ ಕೆಲ್ಸ ಚೆನ್ನಾಗಿ ಬತ್ತದ ಕಣ್ರಲಾ!" ಎಂದರು. ಮತ್ತೆ ನಗು.

ಆ ಬೆಳಗ್ಗೆ ಗುಂಡ್ಲುಪೇಟೆಯಲ್ಲಿ ತಿಂಡಿ ತಿನ್ನುವಾಗ ಗುಮಾಸ್ತರು, "ನಿಮ್ದು ಯಾವ ಪೈಕಿ ಸಾರ್?" ಎಂದು ಮೆಲ್ಲಗೆ ಕೇಳಿದ್ದರು. ನಾನು ಚಟ್ನಿ ಚೆನ್ನಾಗಿದೆ ಎಂದಿದ್ದೆ. ಅಂಥ ಉತ್ತರಗಳು ನನ್ನ ಹತ್ತಿರ ಬಹಳ ಇದ್ದವು. ಆ ಹೊತ್ತಿನಲ್ಲಿ ಒಂದೂ ಬೇಡವೆನಿಸಿತು. ತರಗತಿಯ ಕನ್ನಡವೂ ಬೇಡವೆನಿಸಿತು.

"ಬರ್ದೆ ಇದ್ದದಾ?" ಎಂದೆ, ಅವರಷ್ಟೇ ಜೋರಾಗಿ. "ಅಗಸ್ರ ಮನೇಲೇ ಹುಟ್ಟಿರದು ನಾನು. ಕುದೇರು ಕಡೆಯೋನು. ನಮ್ಮಪ್ಪ ಸಾಯಗಂಟ ಕತ್ತೆ ಹೇರ್ದೋನು. ಆ ಕೆಲ್ಸಾನೂ ಬತ್ತದ, ಮತಗಟ್ಟೆ ನಡ್ಸೋ ಕೆಲ್ಸಾನೂ ಬತ್ತದ. ಇನ್ನೇನಾರ ಕೇಳೋದಿದ್ರ ಈಗ್ಲೇ ಕೇಳ್ಬುಡಿ, ನಮ್ಗ ಹೊತ್ತಾಯ್ತದ."

ಗುಮಾಸ್ತರು ನನ್ನ ಮುಖ ನೋಡಿ, ನೆಲ ನೋಡಿದರು. ಉಳಿದ ಸಾಮಾನು ಹೇರಿದ ಕಿರಿಯ ಕತ್ತೆಯ ಹಗ್ಗವನ್ನು ಅಜ್ಜಿ ನನ್ನ ಕೈಗಿಟ್ಟಳು. "ಓಗು ಮಗ. ದೊಡ್ಡದ ಮುಂದ್ಕ ಬುಡು, ಚಿಕ್ದು ಹಿಂದೇನೇ ಬತ್ತದ. ನನ್ ಕತ್ತೆ ವಾಪಸ್ ಬರ್ನಿಲ್ಲಾಂದ್ರ ನಿನ್ ಇಸ್ಕೂಲ್ಗೇ ಬತ್ತೀನಿ, ನೋಡ್ಕ!"

ಹಳ್ಳದಲ್ಲಿ ನೀರು ಮೊಣಕಾಲ ಮಟ್ಟಕ್ಕಿತ್ತು. ಕತ್ತೆಗಳು ನೀರಿಗೆ ಹೆದರುತ್ತವೆ ಎಂದು ಕಾನ್‌ಸ್ಟೇಬಲ್ ಕಳವಳಪಟ್ಟರು. ಮಡಿವಾಳರ ಕತ್ತೆ ಹೆದರುವುದಿಲ್ಲವೆಂದು ನಾನು ಹೇಳಿದೆ. ಅದು ನಿಜವೇ. ಹಿರಿಯ ಕತ್ತೆ ಮುಲಾಜಿಲ್ಲದೆ ನೀರಿಗಿಳಿದು, ಹಳ್ಳದ ನಟ್ಟನಡುವೆ ಹೋಗಿ, ನಿಂತುಬಿಟ್ಟಿತು. ನಾನು ಮರೆತದ್ದು ಅದನ್ನೇ. ಹುಟ್ಟಿದಾಗಿನಿಂದ ಅದಕ್ಕೆ ನೀರೆಂದರೆ ಹೇರು ಇಳಿಸುವ ಜಾಗ. ತನ್ನ ಕೆಲಸ ಮುಗಿಯಿತೆಂದು ಅದು ಕಿವಿ ಇಳಿಬಿಟ್ಟು ಕಾಯತೊಡಗಿತು. ಎಳೆದರೆ ಬರಲಿಲ್ಲ. ನೂಕಿದರೆ ಮುಂಗಾಲು ಮಡಚಲು ನೋಡಿತು. ಅದು ಹಾಗೆ ಕೂತು ಹೊರಳಿದರೆ ಎರಡೂ ಪೆಟ್ಟಿಗೆ ನೀರುಪಾಲು.

"ಹೊಡೀರಿ ಸಾರ್!" ಎಂದು ದಡದಿಂದ ಗುಮಾಸ್ತರು ಕೂಗಿದರು. ಹೊಡೆದರೆ ಕತ್ತೆ ಕೂರುತ್ತದೆ. ನಾನು ಪ್ಯಾಂಟು ಮಡಚಿ ನೀರಿಗಿಳಿದು, ಅದರ ಕತ್ತಿನ ಕೆಳಗೆ ಭುಜ ಕೊಟ್ಟು ನಿಂತೆ. ಅಪ್ಪ ಸಂಜೆ ಹೊತ್ತು ಕೆರೆಯಿಂದ ಮನೆಗೆ ತಿರುಗುವಾಗ ನಾಲಗೆಯನ್ನು ಅಂಗುಳಕ್ಕೆ ಒತ್ತಿ ಒಂದು ಸದ್ದು ಮಾಡಿ, "ಮನ್ಗ... ಮನ್ಗೋಗನಾ..." ಎಂದು ರಾಗವಾಗಿ ಕರೆಯುತ್ತಿದ್ದ. ಅದನ್ನೇ ಮಾಡಿದೆ. ನನ್ನ ಬಾಯಿಂದ ಬಂದ ದನಿ ಅಪ್ಪನದೇ ಆಗಿತ್ತು. ಕತ್ತೆಯ ಒಂದು ಕಿವಿ ತಿರುಗಿತು. ಇನ್ನೊಂದೂ ತಿರುಗಿತು. ಆಮೇಲೆ ದಡ ಹತ್ತಿತು.

ಹುಂಡಿಗೆ ಹೊತ್ತು ಮುಳುಗುವ ಮೊದಲೇ ಮುಟ್ಟಿದೆವು. ಜನ ನಮ್ಮನ್ನು ಕಂಡು ಮನೆಗಳಿಂದ ಹೊರಬಂದರು. ಜೀಪಿನ ಬದಲು ಕತ್ತೆ ಕಂಡದ್ದಕ್ಕೆ ಅವರು ನಗಲಿಲ್ಲ. ಒಬ್ಬ ಮುದುಕ ಹಸುಬೆಯೊಳಗೆ ಇಣುಕಿ, "ಖಾಲಿ ಅವ್ಯಾ ಸಾಮಿ?" ಎಂದು ಕೇಳಿದ. ಮರುದಿನ ಬೆಳಗ್ಗೆ ಎಲ್ಲರ ಎದುರು ಮುಚ್ಚಳ ತೆರೆದು, ಬುಡಮೇಲು ಮಾಡಿ ತೋರಿಸಿದೆ. ಆ ಮುದುಕನೇ ಬಂದು ಒಳಗೆ ಕೈಯಾಡಿಸಿ ನೋಡಿ, ಹಿಂದಿದ್ದವರ ಕಡೆ ತಿರುಗಿ ತಲೆಯಾಡಿಸಿದ. ಆಮೇಲೆ ಸಾಲು ನಿಂತರು. ಮಧ್ಯಾಹ್ನದ ಹೊತ್ತಿಗೆ ಆ ಊರಲ್ಲಿ ಮಸಿ ಹತ್ತದ ಬೆರಳು ಮಕ್ಕಳದು ಮಾತ್ರ.

ಮತದಾನ ಮುಗಿದ ಮೇಲೆ ಪೆಟ್ಟಿಗೆಗಳ ಬಾಯಿ ಮುಚ್ಚಿದೆ. ಕಿಂಡಿಯೊಳಗಿನ ಕಾಗದದ ಸೀಲಿಗೆ ಬೆಳಗ್ಗೆಯೇ ಏಜೆಂಟರೆಲ್ಲ ಸಹಿ ಹಾಕಿದ್ದರು, ಗುತ್ತಿಗೆದಾರರ ಕಡೆಯ ಏಜೆಂಟನೂ. ದಾರ ಬಿಗಿದು, ಅರಗು ಕರಗಿಸಿ ಸುರಿದು, ಮೊಹರು ಒತ್ತಿದೆ. ಅರಗು ಆರುತ್ತಿರುವಾಗಲೇ ಜೀಪು ಬಂತು. ಗುತ್ತಿಗೆದಾರರ ಮುಖದಲ್ಲಿ ಈ ಸಲ ನಗುವಿರಲಿಲ್ಲ.

"ಮೇಷ್ಟ್ರೇ, ಆಟ ಸಾಕು. ಕತ್ಲಾಯ್ತಾ ಅದ. ದಾರೀಲಿ ಆನೆ ಅವ. ಪೆಟ್ಗೆಗೇನಾರ ಆದ್ರ ನಿಮ್ ಕೆಲ್ಸ ಓಯ್ತದ, ಜೈಲೂ ಆಯ್ತದ. ಜೀಪ್ಗಾಕಿ."

"ನಮ್ಮೋರಿಗೆ ಯಾರಿಗಾದ್ರೂ ಜೀಪಲ್ಲಿ ಹೋಗಬೇಕಿದ್ರೆ ಹೋಗ್ಲಿ. ಪೆಟ್ಟಿಗೆ ಬರೋದಿಲ್ಲ. ರಾತ್ರಿ ಇಲ್ಲೇ ಇದ್ದು ಬೆಳಗ್ಗೆ ಹೊರಡ್ತೀವಿ," ಎಂದೆ.

ಅವರು ನನ್ನನ್ನು ಬಿಟ್ಟು ಗುಮಾಸ್ತರ ಹತ್ತಿರ ಹೋದರು. "ನೀವಾರ ಯೋಳಿ ಸ್ವಾಮಿ. ನೀವು ನಮ್ಮೋರು. ಕತ್ತೆ ಹಿಂದ ಓಗೋ ಗ್ರಾಚಾರ ನಿಮ್ಗ್ಯಾಕ?"

ಗುಮಾಸ್ತರು ಜೀಪಿನ ಕಡೆ ನೋಡಿದರು. ಅವರಿಗೆ ಜೀಪಿನಲ್ಲಿ ಹೋಗುವ ಆಸೆ ಇತ್ತೆಂದು ನನಗೆ ಗೊತ್ತು. ಹಿಂದಿನ ದಿನ ನಡೆದು ಹಿಮ್ಮಡಿ ಒಡೆದಿತ್ತು. ಕೊನೆಗೆ ತಮ್ಮ ಹಾಸಿಗೆ ಸುರುಳಿಯನ್ನು ಎತ್ತಿಕೊಂಡು ಹೋಗಿ ಎರಡು ಪೆಟ್ಟಿಗೆಗಳ ನಡುವೆ ಬಿಚ್ಚಿ ಹಾಸಿದರು. "ಅಧಿಕಾರಿ ಅವ್ರು," ಎಂದರು, ಯಾರ ಮುಖವನ್ನೂ ನೋಡದೆ. "ಅವ್ರು ಹೇಳ್ದಂಗೆ."

ಬೆಳಕು ಹರಿದ ಮೇಲೆ ಹೊರಟೆವು. ಈ ಸಲ ಅರಗಿನ ಚಿಂತೆ. ಅರಗು ಗಾಜಿನ ಹಾಗೆ, ಕುಲುಕಿದರೆ ಬಿರಿಯುತ್ತದೆ. ಮೊಹರಿನ ಮೈ ಮೇಲ್ಮುಖವಾಗಿರುವಂತೆ ಪೆಟ್ಟಿಗೆಗಳನ್ನು ಹಸುಬೆಗಿಳಿಸಿ, ಅದರ ಮೇಲೆ ನನ್ನ ಟವೆಲನ್ನೂ ಗುಮಾಸ್ತರ ಶಾಲನ್ನೂ ಮಡಚಿ ಹೊದಿಸಿದೆ. ಗುಡ್ಡದ ನೆತ್ತಿಯ ಹತ್ತಿರ ಹಿರಿಯ ಕತ್ತೆ ತಟ್ಟನೆ ನಿಂತು ಕಿವಿ ನೆಟ್ಟಗೆ ಮಾಡಿತು. ನೂಕಬೇಡಿ ಎಂದು ಕೈಸನ್ನೆ ಮಾಡಿದೆ. ಎಡಗಡೆಯ ಬಿದಿರುಮೆಳೆಯಲ್ಲಿ ಲಟಲಟ ಸದ್ದು. ಆನೆ ಕಣ್ಣಿಗೆ ಬೀಳಲಿಲ್ಲ, ಸದ್ದು ಮಾತ್ರ ನಿಧಾನವಾಗಿ ಕೆಳಗಿಳಿದು ದೂರವಾಯಿತು. ಕತ್ತೆ ತಾನಾಗಿ ಹೆಜ್ಜೆ ಇಟ್ಟ ಮೇಲೆಯೇ ನಾವೂ ಇಟ್ಟೆವು. ಹಳ್ಳದಲ್ಲಿ ಗುಮಾಸ್ತರು ಪಂಚೆ ಎತ್ತಿಕಟ್ಟಿ ಕಿರಿಯ ಕತ್ತೆಯ ಪಕ್ಕಕ್ಕೆ ನಿಂತು, ನನ್ನ ಹಾಗೆ ನಾಲಗೆ ಸದ್ದು ಮಾಡಲು ನೋಡಿದರು. ಬರಲಿಲ್ಲ. ಆದರೂ ಕತ್ತೆ ನಡೆಯಿತು.

ರಸ್ತೆ ಸೇರಿದಾಗ ಅಲ್ಲಿ ಯಾವ ವಾಹನವೂ ಇರಲಿಲ್ಲ. ನಮಗಾಗಿ ಬಂದಿದ್ದ ಬಸ್ಸು ಹಿಂದಿನ ಸಂಜೆ ಕಾದು ಹೋಗಿತ್ತಂತೆ. ಬೇರೆ ಬಸ್ಸುಗಳೆಲ್ಲ ಚುನಾವಣೆಯ ಕೆಲಸಕ್ಕೆ ಹೋಗಿದ್ದವು. ಇದ್ದದ್ದು ಅದೇ ಜೀಪು, ಆಲದ ಮರದ ಕೆಳಗೆ. ಪ್ರಾಥಮಿಕ ಶಾಲೆಯ ಮೇಷ್ಟ್ರನ್ನು ಹಾಲಿನವನ ಸೈಕಲ್ಲಿನ ಹಿಂದೆ ಕೂರಿಸಿ, ತೆರಕಣಾಂಬಿಗೆ ಹೋಗಿ ಫೋನ್ ಮಾಡಿ ಎಂದು ಕಳಿಸಿದೆ. ಅಜ್ಜಿ ರಾಗಿ ಅಂಬಲಿ ಕೊಟ್ಟಳು. ಕತ್ತೆಗಳ ಬೆನ್ನಿನ ಮೇಲೆ ಕೈಯಾಡಿಸಿ ನೋಡಿ, ಒಂದು ಕಡೆ ಕೆಂಪಾಗಿದ್ದಲ್ಲಿ ಹರಳೆಣ್ಣೆ ಸವರಿದಳು.

"ಅವ್ವ, ಇವನ್ನ ಗುಂಡ್ಲುಪೇಟೆವರೆಗೂ ಒಯ್ಯಬೇಕು," ಎಂದೆ.

"ಅಲ್ಗಂಟವಾ?" ಅಜ್ಜಿ ಜೀಪಿನ ಕಡೆ ನೋಡಿದಳು. ಜೀಪಿನವರಿಗೆ ಕೇಳಿಸುವ ಹಾಗೆ, "ಒಯ್ಯಿ. ಪ್ಯಾಟೆಯೋರೂ ನೋಡ್ಲಿ, ನಮ್ ಕತ್ತೆ ಯಾನ್ ಹೊತ್ಕೊಂಡೋಗದ ಅಂತ," ಎಂದಳು.

ಜೀಪು ತೆರಕಣಾಂಬಿಯವರೆಗೂ ನಮ್ಮ ಹಿಂದೆಯೇ ನಡೆಯುವ ವೇಗದಲ್ಲಿ ಬಂತು. ಆಗಾಗ ಹಾರ್ನ್ ಹೊಡೆಯುತ್ತಿತ್ತು, ಕತ್ತೆ ಬೆದರಲಿ ಎಂದೋ ನಾವು ಬೆದರಲಿ ಎಂದೋ. ಕಾನ್‌ಸ್ಟೇಬಲ್ ಬಂದೂಕನ್ನು ಹೆಗಲು ಬದಲಿಸಿ ಜೀಪಿನ ಮೂತಿಗೆ ಅಡ್ಡಲಾಗಿ ನಡೆಯತೊಡಗಿದರು. ತೆರಕಣಾಂಬಿಯ ಬಸ್ ನಿಲ್ದಾಣದಲ್ಲಿ ಜನ ಗುಂಪುಗೂಡಿದ ಮೇಲೆ ಜೀಪು ಬೇರೆ ದಾರಿ ಹಿಡಿಯಿತು. ಫೋನಿನಲ್ಲಿ ಗಾಡಿ ಕಳಿಸುತ್ತೇವೆ ಎಂದಿದ್ದರಂತೆ. ಅದು ಬರಲಿಲ್ಲ, ನಾವು ನಿಲ್ಲಲಿಲ್ಲ.

ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ನಗದವರು ಕಡಿಮೆ. ಹೋಟೆಲಿನಿಂದ ಜನ ಕೈ ತೊಳೆಯದೆ ಎದ್ದುಬಂದು ನೋಡಿದರು. ಮೂರು ದಿನದ ಹಿಂದಾಗಿದ್ದರೆ ನಾನು ಕತ್ತೆಗಳಿಂದ ನಾಲ್ಕು ಮಾರು ದೂರ ನಡೆಯುತ್ತಿದ್ದೆನೇನೋ. ಅಂದು ಹಿರಿಯ ಕತ್ತೆಯ ಕತ್ತಿನ ಮೇಲೆ ಕೈಯಿಟ್ಟುಕೊಂಡೇ ನಡೆದೆ.

ಪೆಟ್ಟಿಗೆ ಒಪ್ಪಿಸುವ ಕೇಂದ್ರ ಒಂದು ಕಾಲೇಜಿನಲ್ಲಿತ್ತು. ಗೇಟಿನ ಕಾವಲಿನವರು ಕತ್ತೆಗಳನ್ನು ಒಳಗೆ ಬಿಡಲಿಲ್ಲ. "ಪೆಟ್ಟಿಗೆ ಇಲ್ಲೇ ಇಳಿಸಿ, ಹೊತ್ಕೊಂಡು ಹೋಗ್ರಿ," ಎಂದರು. ಗೇಟಿನ ಹೊರಗೆ ಗುತ್ತಿಗೆದಾರರ ಕಡೆಯವರು ಆಗಲೇ ಬಂದು ಸೇರಿದ್ದರು.

"ಪೆಟ್ಟಿಗೆ ಇಳಿಯೋದು ಕೌಂಟರ್ ಮುಂದೆ," ಎಂದೆ. "ಅಲ್ಲಿವರೆಗೂ ನನ್ನ ಜವಾಬ್ದಾರಿ. ಲಾರಿ ಬಂದಿದ್ರೆ ಒಳಗೆ ಬಿಡ್ತಿದ್ರೋ ಇಲ್ವೋ?"

ಗದ್ದಲ ಕೇಳಿ ಮೇಲಧಿಕಾರಿಯೊಬ್ಬರು ಬಂದರು. ರಾತ್ರಿಯೆಲ್ಲ ನಮ್ಮ ಮತಗಟ್ಟೆಯ ಪೆಟ್ಟಿಗೆ ಬಾರದೆ ಅವರ ಕಣ್ಣು ಕೆಂಡವಾಗಿದ್ದವು. "ಏನ್ರೀ ಇದು? ಮಾನ ಮರ್ಯಾದೆ ಇಲ್ವೇನ್ರೀ? ಮತಪೆಟ್ಟಿಗೇನ ಕತ್ತೆ ಮೇಲೆ ತರ್ತೀರಾ?"

"ಮೋರಿ ಕೊಚ್ಚಿಹೋಗಿದೆ ಅಂತ ನಿಮಗೆ ಹೇಳಿಕಳಿಸಿದ್ದೆ ಸಾರ್. ಅಭ್ಯರ್ಥಿ ಕಡೆಯವರ ಜೀಪು ಮಾತ್ರ ಇತ್ತು. ಅದಕ್ಕೆ ಮಾನ ಇತ್ತಾ?"

ಅವರು ಗೇಟು ತೆಗೆಯಿರಿ ಎಂದು ಕೈ ಬೀಸಿದರು.

ಕೌಂಟರಿನ ಎದುರು ಹೊಟ್ಟೆಹಗ್ಗದ ತುದಿ ಎಳೆದೆ. ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟೆವು. ಒಂದರ ಅರಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ನಮ್ಮ ಹಿಂದೆಯೇ ಒಳಗೆ ನುಗ್ಗಿದ್ದ ಗುತ್ತಿಗೆದಾರರ ಕಡೆಯವನೊಬ್ಬ ಅದನ್ನೇ ಕಾಯುತ್ತಿದ್ದವನಂತೆ, "ನೋಡಿ ಸಾರ್! ಸೀಲ್ ಒಡ್ದದ! ಈ ಪೆಟ್ಗೆ ತಕ್ಕಬ್ಯಾಡಿ!" ಎಂದು ಕೂಗಿದ. "ಅರಗು ಹೊರಗಿನದು. ಒಳಗಿನ ಕಾಗದದ ಸೀಲು ನೋಡಿ," ಎಂದೆ. ಅಧಿಕಾರಿಗಳು ಟಾರ್ಚ್ ಹಾಕಿ ಕಿಂಡಿಯೊಳಗೆ ನೋಡಿದರು. ಕಾಗದ ಹರಿದಿರಲಿಲ್ಲ, ಸುಕ್ಕಾಗಿರಲಿಲ್ಲ. ಅದರ ಮೇಲಿನ ಸಹಿಗಳನ್ನು ಒಂದೊಂದಾಗಿ ಓದಿದರು. ಮೂರನೆಯದು ಕೂಗಿದವನ ಕಡೆಯ ಏಜೆಂಟನದು. ಅವನು ಹಿಂದಕ್ಕೆ ಸರಿದ.

ಎಲ್ಲ ಸಾಮಾನು ಒಪ್ಪಿಸಿಕೊಂಡ ಮೇಲೆ ಮೇಜಿನಾಚೆಗಿದ್ದ ಸಿಬ್ಬಂದಿ ತಲೆಯೆತ್ತದೆ ಕೇಳಿದ:

"ವಾಹನ?"

"ಕತ್ತೆ. ಎರಡು."

ಅವನು ತಲೆಯೆತ್ತಿದ. ಸುತ್ತಲಿನವರು ನಮ್ಮ ಕಡೆ ತಿರುಗಿದರು. ಬೇರೆ ಬೇರೆ ತಾಲೂಕಿನ ಮೇಷ್ಟ್ರುಗಳು, ಗುಮಾಸ್ತರು, ನನ್ನ ಶಾಲೆಯವರೇ ಒಬ್ಬಿಬ್ಬರು ಅಲ್ಲಿದ್ದರು.

"ಡ್ರೈವರ್ ಯಾರು ಅಂತ ಬರ್ಕೊಳ್ಳಿ?" ಅವನ ತುಟಿಯಂಚಿನಲ್ಲಿ ನಗುವಿತ್ತು.

"ನಾನೇ."

ಅವನ ಪೆನ್ನು ಕಾಗದ ಮುಟ್ಟದೆ ಹಾಗೇ ನಿಂತಿತ್ತು. ನಾನು ಮೇಜಿಗೆ ಇನ್ನೊಂದು ಹೆಜ್ಜೆ ಹತ್ತಿರ ಹೋಗಿ, ನನ್ನ ಹೆಸರನ್ನೂ ಅದರ ಜೊತೆಗೆ ಅಪ್ಪನ ಹೆಸರನ್ನೂ ಅವನು ಬರೆದು ಮುಗಿಸುವವರೆಗೆ ಒಂದೊಂದೇ ಅಕ್ಷರವಾಗಿ ಹೇಳಿದೆ.